ಕ್ಯಾಬಿನ್ ನಂಬರ್ 47: ಬಾಡಿಗೆ ಕುರ್ಚಿಯೊಂದರ ವಿಮರ್ಶೆ

ಧಾರವಾಡದ ಸಪ್ತಾಪುರದಲ್ಲಿ ಕುರ್ಚಿಯನ್ನು ತಿಂಗಳ ಬಾಡಿಗೆಗೆ ಕೊಡುತ್ತಾರೆ. ಊರಿನಲ್ಲಿ ಇದನ್ನು ಹೇಳಿದಾಗ ಆಯಿ ನಂಬಲಿಲ್ಲ. "ಮದುವೆಗೆ ಶಾಮಿಯಾನದವರು ಕೊಡುತ್ತಾರಲ್ಲ, ಹಾಗೆಯೇ?" ಎಂದು ಕೇಳಿದಳು. ಹೌದು, ಹಾಗೆಯೇ ಎಂದೆ. ಮದುವೆ ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೀಡಿಂಗ್ ರೂಮು ಇದು. 22 ತಿಂಗಳು ಅಲ್ಲಿ ಕುಳಿತಿದ್ದೇನೆ, ಹಾಗಾಗಿ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಹೆಸರು ಹಾಕುವುದಿಲ್ಲ. ನನ್ನ ಠೇವಣಿ 500 ರೂಪಾಯಿ ಇನ್ನೂ ಮಾಲೀಕರ ಕೈಯಲ್ಲಿದೆ.

ಮೊದಲು ದರ. ಎಸಿ ಇಲ್ಲದ ಕೋಣೆಯಲ್ಲಿ ತಿಂಗಳಿಗೆ 900, ಎಸಿ ಇದ್ದರೆ 1,400. ನನ್ನದು ಎಸಿ ಇಲ್ಲದ್ದು. ಕೆಳಗೆ ಝೆರಾಕ್ಸ್ ಅಂಗಡಿ, ಅದರ ಪಕ್ಕ ರೊಟ್ಟಿ ಖಾನಾವಳಿ, ಮೇಲೆ ಎರಡು ಮಹಡಿ ತುಂಬ ಕ್ಯಾಬಿನ್ನುಗಳು. ಒಂದೊಂದಕ್ಕೂ ಮೂರು ಕಡೆ ಪ್ಲೈವುಡ್ ಗೋಡೆ, ಒಂದು ಹಲಗೆ, ಒಂದು ಎಲ್‌ಇಡಿ ದೀಪ, ಒಂದು ಪ್ಲಗ್ಗು, ತಲೆಯ ಮೇಲೆ ಪುಸ್ತಕ ಇಡಲು ಗೂಡು. ಕುರ್ಚಿಯ ಕೂರುವ ಜಾಗ ಒಂದು ತಿಂಗಳಲ್ಲೇ ಕಲ್ಲಾಗುತ್ತದೆ. ನಾನು ಮನೆಯಿಂದ ಆಯಿ ಹೊಲಿದ ಕೌದಿ ತಂದು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡೆ. ಹಳೆಯ ಸೀರೆ, ಅಪ್ಪನ ಲುಂಗಿ, ನನ್ನ ಹೈಸ್ಕೂಲಿನ ಸಮವಸ್ತ್ರದ ನೀಲಿ, ಎಲ್ಲ ಸೇರಿದ ಕೌದಿ. ನಮ್ಮ ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವು ಇರುತ್ತದೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಆ ಹೂವನ್ನು ನೋಡಿ ಎಸಿ ಕೋಣೆಯ ಹುಡುಗಿಯೊಬ್ಬಳು "ಇದು ಆನ್‌ಲೈನಿನಲ್ಲಿ ಎಷ್ಟಕ್ಕೆ ಸಿಗುತ್ತದೆ?" ಎಂದು ಕೇಳಿದಳು. ಅವಳು ಕೆಟ್ಟವಳಲ್ಲ, ಎಸಿ ಕೋಣೆಯವಳು ಅಷ್ಟೇ.

ಬೆಳಕಿಗೆ ಪೂರ್ಣ ಅಂಕ. ಮೌನಕ್ಕೂ ಪೂರ್ಣ ಅಂಕ, ಮಧ್ಯಾಹ್ನ ಒಂದಕ್ಕೆ ಖಾನಾವಳಿಯಲ್ಲಿ ಒಗ್ಗರಣೆ ಬೀಳುವ ಹೊತ್ತೊಂದನ್ನು ಬಿಟ್ಟರೆ. ಆ ಹೊತ್ತಿನಲ್ಲಿ ಸಂವಿಧಾನದ ಯಾವ ವಿಧಿಯೂ ತಲೆಗೆ ಹತ್ತುವುದಿಲ್ಲ. ಕುಡಿಯುವ ನೀರು ಪರವಾಗಿಲ್ಲ. ಶೌಚಾಲಯ ಹೆಂಗಸರಿಗೆಲ್ಲ ಸೇರಿ ಒಂದೇ, ಅದರ ಚಿಲಕ ನಾನು ಸೇರಿದಾಗಲೂ ಸಡಿಲವಿತ್ತು, ಬಿಡುವಾಗಲೂ ಸಡಿಲವಿದೆ. ಗಂಡುಮಕ್ಕಳಿಗೆ 24 ಗಂಟೆಯೂ ತೆರೆದಿರುವ ಕೋಣೆ ಹೆಣ್ಣುಮಕ್ಕಳಿಗೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಬಾಡಿಗೆ ಮಾತ್ರ ಇಬ್ಬರಿಗೂ ಒಂದೇ. ಕೇಳಿದರೆ "ನಿಮ್ಮ ಸುರಕ್ಷತೆಗೆ ತಂಗೀ" ಎನ್ನುತ್ತಾರೆ. ಸುರಕ್ಷತೆಗೆ ನೂರು ರೂಪಾಯಿಯನ್ನಾದರೂ ಇಳಿಸಬಹುದಿತ್ತು.

ಇನ್ನು ಬಾಗಿಲು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಾನು ಸೇರಿ ಎರಡು ತಿಂಗಳಾದ ಮೇಲೆ ಬಾಗಿಲಿಗೆ ಮುಖ ಗುರುತಿಸುವ ಯಂತ್ರ ಹಾಕಿಸಿದರು. ಎದುರು ನಿಂತರೆ ಹಸಿರು ಚೌಕ ಮೂಡಿ, ಧನ್ಯವಾದ ಹೇಳಿ, ಬೀಗ ತೆರೆಯುತ್ತದೆ. ಎಲ್ಲರಿಗೂ ತೆರೆಯಿತು. ನನಗೆ ತೆರೆಯಲಿಲ್ಲ. ಮಹಡಿ ಮೆಟ್ಟಿಲಿನ ಮಬ್ಬು ಬೆಳಕಿನಲ್ಲಿ ಅದಕ್ಕೆ ನಾನು ಕಾಣಿಸಲೇ ಇಲ್ಲ. "ಪ್ಲೀಸ್ ಟ್ರೈ ಅಗೇನ್" ಎಂದು ಒಂದು ಹೆಣ್ಣು ದನಿ. ಹಿಂದಕ್ಕೆ ಸರಿದು ನಿಂತೆ, ಕೂದಲು ಹಿಂದಕ್ಕೆ ಕಟ್ಟಿ ನಿಂತೆ, ಮೊಬೈಲ್ ಟಾರ್ಚನ್ನು ನನ್ನ ಮುಖಕ್ಕೆ ನಾನೇ ಬಿಟ್ಟುಕೊಂಡು ನಿಂತೆ. ಹಿಂದೆ ಸಾಲಿನಲ್ಲಿ ಏಳೆಂಟು ಮಂದಿ. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೊನೆಗೆ ಕಾವಲಿನ ಕಾಕಾ ಎದ್ದು ಬಂದು ಒಳಗಿನಿಂದ ಬಾಗಿಲು ತೆರೆದು, "ಈ ಪೆಟ್ಟಿಗೆಗೆ ಕಣ್ಣಿಲ್ಲ ಬಿಡು" ಎಂದು ತನ್ನ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡ.

ಅದೇ ವಾರ ಪ್ರಚಲಿತ ಘಟನೆಗಳ ಟಿಪ್ಪಣಿಯಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಓದುತ್ತಿದ್ದೆ. ಅಮೆರಿಕದ ಎಂಐಟಿಯ ಸಂಶೋಧಕಿ ಜಾಯ್ ಬುವೊಲಮ್ವಿನಿ ಮತ್ತು ಅವರ ಜೊತೆಗಾರ್ತಿ ಟಿಮ್ನಿಟ್ ಗೆಬ್ರು 2018ರಲ್ಲಿ ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳನ್ನು ಪರೀಕ್ಷಿಸಿದ್ದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ 1ರ ಒಳಗಿತ್ತು. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಒಂದು ತಂತ್ರಾಂಶದ ತಪ್ಪು ಶೇ 34ನ್ನು ದಾಟಿತ್ತು. ಅಂಚಿನಲ್ಲಿ "ಬಹುಮುಖ್ಯ" ಎಂದು ಬರೆದುಕೊಂಡೆ. ಪರೀಕ್ಷೆಯಲ್ಲಿ ಈವರೆಗೆ ಕೇಳಿಲ್ಲ.

ಮಾಲೀಕರಿಗೆ ಸಲ್ಲಬೇಕಾದದ್ದನ್ನು ಹೇಳಿಬಿಡುತ್ತೇನೆ. ವಿಷಯ ಗೊತ್ತಾದ ಮೇಲೆ ನನಗೊಂದು ನಾಲ್ಕು ಅಂಕಿಯ ಗುಪ್ತಸಂಖ್ಯೆ ಕೊಟ್ಟರು, ಮೆಟ್ಟಿಲಿಗೆ ಬಲ್ಬು ಹಾಕಿಸಿದರು. ಬಲ್ಬು ಬಂದ ಮೇಲೆ ಯಂತ್ರ ಹತ್ತರಲ್ಲಿ ಆರು ಸಲ ನನ್ನನ್ನು ಒಪ್ಪಿಕೊಳ್ಳುತ್ತಿತ್ತು.

ನಾನು ಸಿದ್ದಿ. ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನವಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದಿಳಿದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳ ಮಕ್ಕಳು ನಾವು. ಧಾರವಾಡದಲ್ಲಿ ಕೋಣೆ ಹುಡುಕುವಾಗ ಮೂರು ಮನೆಯವರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಕನ್ನಡದಲ್ಲಿ ಉತ್ತರ ಕೊಟ್ಟರೆ "ಎಷ್ಟು ಬೇಗ ಕಲಿತಿದ್ದೀರಿ!" ಎಂದರು. ಕೋಚಿಂಗ್ ತರಗತಿಯಲ್ಲಿ ಒಮ್ಮೆ "ಕರ್ನಾಟಕದಲ್ಲಿರುವ ಆಫ್ರಿಕಾ ಮೂಲದ ಬುಡಕಟ್ಟು ಯಾವುದು?" ಎಂಬ ಪ್ರಶ್ನೆ ಪರದೆಯ ಮೇಲೆ ಬಂತು. ಇನ್ನೂರು ತಲೆ ಒಟ್ಟಿಗೆ ನನ್ನ ಕಡೆ ತಿರುಗಿದವು. ಆ ದಿನ ನಾನು ಒಂದು ಅಂಕದ ಉತ್ತರವಾಗಿದ್ದೆ.

ಅದಕ್ಕೇ ನನಗೆ ಕ್ಯಾಬಿನ್ ಹಿಡಿಸಿದ್ದು. ಮೂರು ಕಡೆ ಪ್ಲೈವುಡ್ ಇದೆ. ಒಳಗೆ ಕುಳಿತರೆ ನನ್ನ ಕೂದಲು, ಮೂಗು, ಬಣ್ಣ ಯಾವುದೂ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಬೆನ್ನು ಮತ್ತು ಪುಸ್ತಕದ ರಾಶಿ, ಅಷ್ಟೇ. ಧಾರವಾಡದಲ್ಲಿ ಇನ್ನೆಲ್ಲೂ ಈ ಸೌಲಭ್ಯ ನನಗೆ ಸಿಕ್ಕಿಲ್ಲ. ದಿನಕ್ಕೆ 30 ರೂಪಾಯಿಗೆ ಇದು ಅಗ್ಗ.

ಆದರೆ ಗೋಡೆ ಮೂರೇ ಕಡೆ. ಚಹಾಕ್ಕೆ ಎದ್ದರೆ ಮಾತು ಶುರು. "ನಿನಗೇನು, ಎಸ್‌ಟಿ, ಫಾರ್ಮ್ ಹಾಕಿದರೆ ನೌಕರಿ" ಎಂಬುದು ಅದರಲ್ಲಿ ಮೊದಲನೆಯದು. ಇದನ್ನು ಹೇಳದವರು ನಮ್ಮ ಸಾಲಿನಲ್ಲಿ ಇಬ್ಬರೇ. ಒಬ್ಬಳು 46ನೆಯ ಕ್ಯಾಬಿನ್ನಿನ ಸುರಪುರದ ಅಕ್ಕ. ಅವಳೂ ಎಸ್‌ಟಿ, ನಾಯಕ ಸಮುದಾಯದವಳು. ಇನ್ನೊಬ್ಬ ಕಾಕಾ.

ಲೆಕ್ಕ ಹೀಗಿದೆ. 2003ರವರೆಗೆ ನಾವು ಪರಿಶಿಷ್ಟ ಪಂಗಡವೇ ಆಗಿರಲಿಲ್ಲ. ಆ ವರ್ಷ ಉತ್ತರ ಕನ್ನಡದ ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದರು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಸೇರಿದ್ದು 2020ರಲ್ಲಿ. ನನ್ನ ಅತ್ತೆಯನ್ನು ಧಾರವಾಡ ಜಿಲ್ಲೆಯ ಕಲಘಟಗಿ ಕಡೆಗೆ ಕೊಟ್ಟಿದ್ದರು. ಅವಳ ಮಗನೂ ನಾನೂ ಒಂದೇ ಹಿರಿಯರಿಗೆ ಪೂಜೆ ಮಾಡುವವರು, ಹಬ್ಬದಲ್ಲಿ ಒಂದೇ ಡಮಾಮಿ ಬಡಿತಕ್ಕೆ ಕುಣಿಯುವವರು. ಆದರೆ ಜಿಲ್ಲೆಯ ಗಡಿ ನಮ್ಮಿಬ್ಬರ ನಡುವೆ ಹಾದುಹೋಗಿತ್ತು. ನಾನು ಎಸ್‌ಟಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವಾಗ ಅವನು ಹತ್ತನೆಯ ತರಗತಿ ಬಿಟ್ಟು ಗೋವೆಗೆ ಕೆಲಸಕ್ಕೆ ಹೋದ. ಪ್ರಮಾಣಪತ್ರ ಸಿಗುವ ಹೊತ್ತಿಗೆ ಅವನಿಗೆ ಅದರ ಕೆಲಸವಿರಲಿಲ್ಲ.

ಮೀಸಲಾತಿ 2022ರಲ್ಲಿ ಶೇ 3ರಿಂದ 7ಕ್ಕೆ ಏರಿತು, ನಿಜ. ಆದರೆ 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ನಾಯಕರು. ಜೇನು ಕುರುಬ, ಕೊರಗ, ಸೋಲಿಗ, ಸಿದ್ದಿ ನಾವೆಲ್ಲ ಸೇರಿದರೂ ಒಂದು ಮೂಲೆ. ಕಟ್ ಆಫ್ ಎಲ್ಲರಿಗೂ ಒಂದೇ. ಮನೆಯಲ್ಲಿ ಕೊಂಕಣಿ ಬೆರೆತ ಸಿದ್ದಿ ಮಾತಾಡಿ, ಒಂದನೆಯ ತರಗತಿಯಲ್ಲಿ ಮೊದಲ ಬಾರಿಗೆ ಕನ್ನಡ ಕೇಳಿಸಿಕೊಂಡವರಿಗೂ ಅದೇ ಕಟ್ ಆಫ್.

ಇದನ್ನು ಒಮ್ಮೆ ಸಿಟ್ಟಿನಲ್ಲಿ 46ನೆಯ ಅಕ್ಕನಿಗೆ ಹೇಳಿಬಿಟ್ಟೆ. ಅವಳು ತನ್ನ ಫೈಲು ಬಿಚ್ಚಿದಳು. ಜಾತಿ, ಸಿಂಧುತ್ವ, ಗ್ರಾಮೀಣ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದವರ 371ಜೆ, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಒಪ್ಪವಾಗಿ ಇಟ್ಟಿದ್ದಳು. "ಇಷ್ಟು ಕಾಗದ ಇದೆ ತಂಗೀ. ಅಪ್ಪನಿಗೆ ಎರಡು ಎಕರೆ ಒಣಭೂಮಿ ಇದೆ. ವಯಸ್ಸು 34. ನಿನ್ನದು ನನ್ನ ತಟ್ಟೆಯಲ್ಲಿ ಬಂದಿದ್ದರೆ ನನಗೂ ತೋರಿಸು" ಎಂದಳು. ನಾನು ಸುಮ್ಮನಾದೆ. ಮಧ್ಯಾಹ್ನ ಅವಳೇ ಕರೆದು ರೊಟ್ಟಿ ಕೊಟ್ಟಳು. ನಾಯಕರೊಳಗೂ ಎರಡು ಎಕರೆಯವರಿದ್ದಾರೆ, ಎರಡು ಪೆಟ್ರೋಲ್ ಬಂಕಿನವರೂ ಇದ್ದಾರೆ. ಪಟ್ಟಿಗೆ ಇವರೆಲ್ಲ ಒಂದೇ ಸಾಲು.

ಇನ್ನೊಂದು ಮಾತು ಪೊಲೀಸ್ ಕಾನ್‌ಸ್ಟೆಬಲ್ ಆಕಾಂಕ್ಷಿಗಳದು. "ನೀನು ಪಿಸಿಗೆ ಹಾಕು, ಓಟ ನಿಮ್ಮ ರಕ್ತದಲ್ಲೇ ಇದೆ." ನಮ್ಮ ರಕ್ತದಲ್ಲಿ ಓಟ ಹುಡುಕಿದ್ದು ಇವರೇ ಮೊದಲಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದನ್ನು ತಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತ್ತು. ಆಗ ಕ್ರೀಡಾ ಖಾತೆ ಮಾರ್ಗರೆಟ್ ಆಳ್ವ ಅವರ ಕೈಯಲ್ಲಿತ್ತು. ನನ್ನ ಚಿಕ್ಕಪ್ಪ ಹಾಗೆ ಹೋದವನು. ಹೊಟ್ಟೆ ತುಂಬ ಊಟ, ಹಾಲು, ಮೊದಲ ಬಾರಿಗೆ ಬೂಟು. 1993ರಲ್ಲಿ ಯೋಜನೆ ನಿಂತಿತು. ಕೆಲವರಿಗೆ ಅಷ್ಟರಲ್ಲಿ ಕ್ರೀಡಾ ಕೋಟಾದಲ್ಲಿ ನೌಕರಿ ಆಗಿತ್ತು. ಚಿಕ್ಕಪ್ಪ ಅರ್ಧ ಶಾಲೆ, ಅರ್ಧ ಓಟ ಹೊತ್ತುಕೊಂಡು ಊರಿಗೆ ಬಂದು ಮೊನ್ನೆ ಮೊನ್ನೆಯವರೆಗೂ ಹೆಗಡೆಯವರ ತೋಟದಲ್ಲಿ ಅಡಿಕೆ ಕೊನೆ ಕೊಯ್ಯಲು ಮರ ಹತ್ತುತ್ತಿದ್ದ. ಬೂಟು ಬಹಳ ವರ್ಷ ಮಾಡಿಗೆ ನೇತುಹಾಕಿಕೊಂಡಿತ್ತು. ನನ್ನ ವಿಷಯಕ್ಕೆ ಬಂದರೆ, ಹೆಂಗಸರ 400 ಮೀಟರ್ ಓಟವನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಪ್ರಯತ್ನಿಸಿ ನೋಡಿದೆ. ಎರಡು ನಿಮಿಷ ಹನ್ನೊಂದು ಸೆಕೆಂಡು. ನನ್ನ ರಕ್ತದಲ್ಲಿ ಇರುವುದು ಇತಿಹಾಸ ಮತ್ತು ಸ್ವಲ್ಪ ಕಬ್ಬಿಣದ ಕೊರತೆ.

ಕುರ್ಚಿಯ ವಿಷಯಕ್ಕೆ ಮರಳುತ್ತೇನೆ. 22 ತಿಂಗಳ ಬಾಡಿಗೆ ಎಲ್ಲಿಂದ ಬಂತು ಎಂದು ಕೇಳುವವರಿಗೆ: ಯುವನಿಧಿಯಿಂದ. 2022-23ರಲ್ಲಿ ಪದವಿ ಮುಗಿಸಿದವರಲ್ಲಿ ನಾನೂ ಒಬ್ಬಳು. ತಿಂಗಳಿಗೆ 3,000, ಎರಡು ವರ್ಷ. ನಾನಿನ್ನೂ ನಿರುದ್ಯೋಗಿ ಎಂದು ಆಗಾಗ ಘೋಷಣೆ ಕೊಡಬೇಕು. ನನ್ನ ಜೀವನದಲ್ಲಿ ಅಷ್ಟು ಖಚಿತವಾಗಿ ಇನ್ನಾವುದನ್ನೂ ಘೋಷಿಸಿಲ್ಲ. ಆ ಮೂರು ಸಾವಿರದಲ್ಲಿ 900 ಕುರ್ಚಿಗೆ, 1,200 ಮೂವರು ಹಂಚಿಕೊಂಡ ಕೋಣೆಯ ನನ್ನ ಪಾಲಿಗೆ, ಉಳಿದದ್ದು ಅಕ್ಕಿಗೆ. ಪುಸ್ತಕಕ್ಕೆ ಆಯಿಯ ಗೃಹಲಕ್ಷ್ಮಿಯಿಂದ ಸ್ವಲ್ಪ. ಊರಿಗೆ ಹೋಗಿಬರಲು ಶಕ್ತಿ ಯೋಜನೆ. ಹುಬ್ಬಳ್ಳಿ, ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರದವರೆಗೆ ಆಧಾರ್ ಕಾರ್ಡು ತೋರಿಸಿದರೆ ಮುಗಿಯಿತು. ಸರ್ಕಾರ ಕೊಟ್ಟದ್ದರಲ್ಲಿ ಸರ್ಕಾರಿ ನೌಕರಿಗೆ ಓದಿದೆ. ಇದರಲ್ಲಿ ನನಗೆ ನಾಚಿಕೆಯಿಲ್ಲ.

ತೊಂದರೆ ಏನೆಂದರೆ, ಈ ಕುರ್ಚಿಗೆ ಒಂದು ಗಡಿಯಾರ ಇದೆ, ನೇಮಕಾತಿಗೆ ಇಲ್ಲ. ಕೆಎಎಸ್‌ನ 384 ಹುದ್ದೆಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ಆಯಿತು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಕುಲಗೆಟ್ಟು ಹೋಗಿತ್ತು. ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಯಿತು, ಅದರಲ್ಲೂ ಅನುವಾದ ತಪ್ಪು. ಪಕ್ಕದಲ್ಲಿರುವ ಇಂಗ್ಲಿಷನ್ನು ಓದಿ ಕನ್ನಡವನ್ನು ಅರ್ಥ ಮಾಡಿಕೊಳ್ಳಬೇಕು. ಕನ್ನಡವೇ ಎರಡನೆಯ ಭಾಷೆಯಾದವಳಿಗೆ ಅದು ಮೂರನೆಯ ಬಾಗಿಲು ತಟ್ಟಿದ ಹಾಗೆ. ಇದರ ನಡುವೆ, 2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು ಸರ್ಕಾರ ನಿಲ್ಲಿಸಿತು. ಅದಕ್ಕೆಂದು ನೇಮಿಸಿದ ನಾಗಮೋಹನದಾಸ್ ಆಯೋಗದ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ.

ಒಳಮೀಸಲಾತಿಗೆ ನಾನು ವಿರೋಧಿಯಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಪಟ್ಟಿಯೊಳಗೆ ಉಪವರ್ಗೀಕರಣ ಮಾಡಬಹುದು ಎಂದಾಗ ರೀಡಿಂಗ್ ರೂಮಿನಲ್ಲಿ ಗುಟ್ಟಾಗಿ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ನಮ್ಮ ಪಟ್ಟಿಯೊಳಗೂ ಯಾರಾದರೂ ಹೀಗೆ ಲೆಕ್ಕ ಹಾಕಲಿ ಎಂಬ ಆಸೆ ನನಗಿದೆ. ಆದರೆ ಆ ಹತ್ತು ತಿಂಗಳು ಕುರ್ಚಿಯ ಬಾಡಿಗೆ ನಿಲ್ಲಲಿಲ್ಲ. ಎಸಿ ಕೋಣೆಯ ಹುಡುಗಿಯ ಅಪ್ಪ ಕಾಲೇಜು ಉಪನ್ಯಾಸಕರು. "ಇನ್ನೆರಡು ವರ್ಷ ಓದು, ಅವಸರವಿಲ್ಲ" ಎಂದರಂತೆ. ಅವಳ ಅಂಕ ನನಗಿಂತ ಹೆಚ್ಚೇನಿರಲಿಲ್ಲ, ಮಾದರಿ ಪರೀಕ್ಷೆಯಲ್ಲಿ ನಾನೇ ಎರಡು ಬಾರಿ ಮುಂದಿದ್ದೆ. ಅವಳ ಬಳಿ ಹೆಚ್ಚಿಗೆ ಇದ್ದದ್ದು ತಿಂಗಳುಗಳು. ಈ ಪರೀಕ್ಷೆಯಲ್ಲಿ ಯಾರು ಎಷ್ಟು ಓದಿದರು ಎಂಬುದರಷ್ಟೇ ಯಾರು ಎಷ್ಟು ಕಾಲ ಕೂರಬಲ್ಲರು ಎಂಬುದನ್ನೂ ಅಳೆಯುತ್ತಾರೆ. ಪಠ್ಯಕ್ರಮದಲ್ಲಿ ಅದನ್ನು ಬರೆದಿಲ್ಲ, ಅಷ್ಟೇ. "ನಿಮಗೆ 40ರವರೆಗೂ ವಯಸ್ಸಿದೆಯಲ್ಲ" ಎಂದು ಅವಳು ಸಮಾಧಾನ ಹೇಳಿದಳು. ವಯಸ್ಸಿದೆ. 40ರವರೆಗೆ ಅನ್ನ ಹಾಕುವವರು ಯಾರು ಎಂಬ ಕಾಲಂ ಅರ್ಜಿಯಲ್ಲಿ ಇಲ್ಲ.

2025ರಲ್ಲಿ ಧಾರವಾಡದ ರಸ್ತೆಯಲ್ಲಿ ಸಾವಿರಾರು ಆಕಾಂಕ್ಷಿಗಳು ನೇಮಕಾತಿಗಾಗಿ ಬೀದಿಗಿಳಿದಾಗ ನಾನೂ 46ನೆಯ ಅಕ್ಕನೂ ಹೋಗಿದ್ದೆವು. ಆ ದಿನ ರೀಡಿಂಗ್ ರೂಮು ಖಾಲಿ. ಕಾಕಾ ಒಬ್ಬನೇ ಕುಳಿತು ಎಲ್ಲ ಫ್ಯಾನುಗಳನ್ನೂ ಆರಿಸಿದ್ದ.

ಡಿಸೆಂಬರ್‌ಗೆ ಯುವನಿಧಿ ಮುಗಿಯಿತು. ಜನವರಿ ಬಾಡಿಗೆಗೆ ಕೈಯಲ್ಲಿ ಹಣವಿಲ್ಲ. ಮಾಲೀಕರು "ಅರ್ಧ ಈಗ ಕೊಡು, ಅರ್ಧ ಆಮೇಲೆ" ಎಂದರು. ಒಳ್ಳೆಯ ಮಾತೇ, ಆದರೆ ಆಮೇಲೆ ಎಂಬುದು ನನಗೂ ಗೊತ್ತಿಲ್ಲದ ತಾರೀಕು. ಊರಿನಲ್ಲಿ ಈಗ ಅಡಿಕೆ ಸುಗ್ಗಿ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದರೆ ಕಿಲೋ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಪಕ್ಕದಲ್ಲಿ ಮೊಬೈಲ್ ಇಟ್ಟು ತರಗತಿ ಕೇಳಬಹುದು, ಸಿಗ್ನಲ್ ಇದ್ದರೆ. ಸುಗ್ಗಿ ಮುಗಿದ ಮೇಲೆ ಮೂರು ತಿಂಗಳ ಬಾಡಿಗೆಯಾದರೆ ಮರಳಿ ಬರುತ್ತೇನೆ.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ. ಚಿಲಕಕ್ಕೆ ಅರ್ಧ ಅಂಕ ಕಳೆದಿದ್ದೇನೆ, ಒಂಬತ್ತು ಗಂಟೆಯ ನಿಯಮಕ್ಕೆ ಒಂದು. ಬಾಗಿಲಿನ ಪೆಟ್ಟಿಗೆಗೆ ಕಳೆದದ್ದನ್ನು ಕಾಕಾನ ಲೆಕ್ಕದಲ್ಲಿ ವಾಪಸು ಸೇರಿಸಿದ್ದೇನೆ. ಹೊಸದಾಗಿ ಬರುವ ಹೆಣ್ಣುಮಕ್ಕಳು ಕಿಟಕಿ ಪಕ್ಕದ ಸಾಲು ಕೇಳಿ ಪಡೆಯಿರಿ. ಬೇಸಿಗೆಯಲ್ಲಿ ಗೋಡೆ ಪಕ್ಕದ ಸಾಲು ಒಲೆ. ಮುಂಗಡ ಕೊಡುವಾಗ ರಸೀದಿ ಕೇಳಿ.

47 ಸದ್ಯ ಖಾಲಿ ಇದೆ. ಅದರ ಪ್ಲಗ್ಗು ಸಡಿಲ. ಚಾರ್ಜರ್ ಸಿಕ್ಕಿಸಿದ ಮೇಲೆ ಅದರ ಕೆಳಗೆ ಕಾಗದ ಮಡಚಿ ಒತ್ತಾಗಿ ಇಡಬೇಕು. ಮಡಚಿದ ಕಾಗದ ಅಲ್ಲೇ ಗೂಡಿನಲ್ಲಿ ಬಿಟ್ಟು ಬಂದಿದ್ದೇನೆ, ಹಳೆಯ ಪ್ರವೇಶಪತ್ರದ್ದು, ಗಟ್ಟಿ ಇದೆ.